ಅಂಟಿಗೆ ಒಲಿಯದ ಹಿರೇಸೊಸೆ

ಎದೆಯೊಳಗಿನ ಶ್ವಾಸಕೋಶ ಕೈಕೊಟ್ಟಿತು, ಇನ್ನು ಮೇಲೆ ಒಂದನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿ ಎಂದು ಡಾಕ್ಟರರು ಹೇಳುವ ಕಾಲ ಬಂದರೆ ಏನಾದೀತು? ಬೆಟಗೇರಿಯ ಮೋನವ್ವನನ್ನು ಕೇಳಿದರೆ ಏನೂ ಆಗುವುದಿಲ್ಲ ಎನ್ನುತ್ತಾಳೆ. ರೊಟ್ಟಿ ಬಡಿಯಬಹುದು, ಸಂತೆಗೆ ಹೋಗಬಹುದು, ಓಣಿಯ ತುದಿಗೆ ಕೇಳುವಂತೆ ಜಗಳ ಆಡಬಹುದು. ಹಾಡುವುದು ಮಾತ್ರ ಸ್ವಲ್ಪ ಕಷ್ಟ. ಅದು ಅವಳಿಗೆ ಮೊದಲೂ ಬರುತ್ತಿರಲಿಲ್ಲವಂತೆ.

ಏಳು ವರ್ಷದ ಹಿಂದೆ ಬೂದುಜ್ವರ ಬಂದು ಹೋಯಿತಲ್ಲ, ಅದು ಕೊಂದವರನ್ನು ಕೊಂದಿತು, ಬಿಟ್ಟವರ ಶ್ವಾಸಕೋಶವನ್ನು ಒಣಗಿದ ಹೀರೇಕಾಯಿಯ ಹಾಗೆ ಮಾಡಿಟ್ಟು ಹೋಯಿತು. ಅಂಥವರಿಗಾಗಿ ಬಂದದ್ದು ಉಸಿರುಡಬ್ಬಿ. ಊಟದ ಡಬ್ಬಿಯಷ್ಟೇ ದೊಡ್ಡದು. ಒಳಗೆ ಕೂದಲಿನಷ್ಟು ತೆಳುವಾದ ಸಾವಿರಾರು ಟೊಳ್ಳು ಎಳೆಗಳು. ಎಳೆಯ ಒಳಗೆ ಗಾಳಿ, ಹೊರಗೆ ರಕ್ತ. ಕುತ್ತಿಗೆಯ ಬುಡದಿಂದ ಕೊಳವೆಯಲ್ಲಿ ಇಳಿದು ಬರುವ ಕಪ್ಪು ರಕ್ತ ಆ ಎಳೆಗಳ ಮೈ ಸವರಿಕೊಂಡು ಹೋಗುವಷ್ಟರಲ್ಲಿ ಕೆಂಪಗಾಗಿ ಮೇಲಕ್ಕೆ ಹೊರಡುತ್ತದೆ. ಡಬ್ಬಿಯ ಒಂದು ತುದಿಗೆ ಗಾಳಿ ತಳ್ಳುವ ಪುಟ್ಟ ಫ್ಯಾನು ಕೂತ ಮುಚ್ಚಳ. ಅಷ್ಟೇ ಯಂತ್ರ. ಗದಗ ಜಿಲ್ಲೆಯಲ್ಲಿ ಮುನ್ನೂರಕ್ಕೂ ಮೇಲ್ಪಟ್ಟ ಜನ ಅದನ್ನು ನೆಚ್ಚಿಕೊಂಡು ಬದುಕಿದ್ದರು.

ಮೋನವ್ವ ಅದಕ್ಕೆ ಹಿರೇಸೊಸೆ ಎಂದು ಹೆಸರಿಟ್ಟಿದ್ದಳು. ಇದ್ದ ಒಬ್ಬನೇ ಮಗ ಈರಣ್ಣನ ಹೆಂಡತಿ ಕಾಳಿಕಾ ಹಾಗಾಗಿ ಕಿರೇಸೊಸೆಯಾದಳು. "ಹಿರೇಕಿ ನನ್ನ ಸೊಂಟಾ ಬಿಟ್ಟು ಕದಲಂಗಿಲ್ಲ. ಕಿರೇಕಿ ನೋಡು, ಹೊತ್ತು ಮೂಡೂದ್ರಾಗ ಗೋಂದು ಕಲಸಾಕ ಓಡ್ತಾಳ" ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಗೋಂದು ಕಲಸುವುದು ಕಾಳಿಕಾಳ ಕೆಲಸವೇ ಆಗಿತ್ತು. ಹಳೆಯ ಹತ್ತಿ ಗೋದಾಮಿನಲ್ಲಿ ನಡೆಯುವ ಉಪಕರಣ ದುರಸ್ತಿ ಕೇಂದ್ರದಲ್ಲಿ ಅಂಟಿನ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ವಿಭಾಗ ಎಂದರೆ ಅವಳು, ಜುಲೇಖಾ ನದಾಫ್ ಎಂಬ ಜೊತೆಗಾರ್ತಿ, ಎರಡು ಮೇಜು. ಪಿಯುಸಿ ಮುಗಿಸಿ ಮದುವೆಯಾಗಿ ಬಂದ ಹುಡುಗಿಯನ್ನು ಕಾಲೇಜಿಗೆ ಕಳಿಸಿದವಳು ಮೋನವ್ವ. "ಒಲಿ ಮುಂದ ಕುಂದ್ರಾಕ ನಾ ಇದ್ದೀನಿ. ನೀ ಪುಸ್ತಕದ ಮುಂದ ಕುಂದ್ರು" ಎಂದು ಆರು ವರ್ಷ ಒಬ್ಬಳೇ ಖಾನಾವಳಿಗೆ ರೊಟ್ಟಿ ಬಡಿದು ಹಾಕಿದ್ದಳು. ಆ ಮಾತನ್ನು ಅವಳು ಆಮೇಲೆ ಒಮ್ಮೆಯೂ ಎತ್ತಿ ಆಡಿದವಳಲ್ಲ. ಅದಕ್ಕೇ ಕಾಳಿಕಾಳಿಗೆ ಅದು ಮರೆಯುತ್ತಿರಲಿಲ್ಲ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಮೋನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೂಗಿದಳು.

"ಕಾಳವ್ವಾ, ಬಾ ಇಲ್ಲೆ. ನಿನ್ನ ಅಕ್ಕ ಸಿಳ್ಳಿ ಹೊಡಿಯಾಕತ್ತಾಳ."

ಚಳಿಗೆ ಮುಖ ಒಡೆಯಬಾರದೆಂದು ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಕಾಳಿಕಾ ಹಾಗೇ ಓಡಿಬಂದಳು. ಕಿವಿಗೊಟ್ಟಳು. ನಿಜ, ಗಾಳಿಮುಚ್ಚಳದ ಕಡೆಯಿಂದ ಸುಂಯ್ ಎಂಬ ಸಣ್ಣ ಸದ್ದು. ಬೆಳಕಿಗೆ ಹಿಡಿದು ನೋಡಿದರೆ ಜೋಳದ ಕಾಳಿನಷ್ಟು ಉದ್ದದ ಒಂದು ಬಿರುಕು. ಆ ತಿಂಗಳಲ್ಲಿ ಅವಳು ನೋಡಿದ ಒಂಬತ್ತನೆಯ ಬಿರುಕು ಅದು. ಮೊದಲ ಎಂಟರಲ್ಲಿ ಐದು ಜನ ಆಗಲೇ ಇರಲಿಲ್ಲ.

"ಏನಂತಾಳ?" ಎಂದಳು ಮೋನವ್ವ.

"ಏನಿಲ್ಲ ಅತ್ತಿ, ಸ್ವಲ್ಪ ಸೀಳೈತಿ. ಪಟ್ಟಿ ಹಚ್ಚತೀನಿ."

"ಸುಳ್ಳ ಹೇಳಾಕ ಬರಂಗಿಲ್ಲಂದ್ರ ಯಾಕ ಹೇಳ್ತಿ? ಮಾರಿ ನೋಡಿದ್ರ ಗೊತ್ತಾಗತೈತಿ" ಎಂದು ಮೋನವ್ವ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ಸುಮಂಗಲಾ ನರೇಗಲ್ ಮುಚ್ಚಿಡದೆ ಹೇಳಿದರು. ಬಿರುಕು ಮುಚ್ಚಳದ ಅಂಚು ಮುಟ್ಟಿದರೆ ಮುಚ್ಚಳ ಹಾರುತ್ತದೆ. ಹೆಚ್ಚೆಂದರೆ ಮೂರು ವಾರ. ಅಲ್ಲಿಯವರೆಗೆ ಗ್ರೀಸು ಸವರಿದ ಬಟ್ಟೆಪಟ್ಟಿ ಸುತ್ತಿ, ದಿನಕ್ಕೆ ಮೂರು ಸಲ ಬದಲಿಸುತ್ತಿರಬೇಕು. ಡಬ್ಬಿ ಮಾಡಿದ ಕಂಪನಿ ಕಡಲಾಚೆ ಎಲ್ಲೋ ಬಾಗಿಲು ಹಾಕಿಕೊಂಡು ಎರಡು ವರ್ಷವಾಗಿತ್ತು. ಮುಚ್ಚಳವನ್ನು ಎಳೆಗಳ ಸುತ್ತಲೇ ಎರಕ ಹೊಯ್ದದ್ದರಿಂದ ಬಿಚ್ಚಿ ಬೇರೆಯದು ಹಾಕುವಂತೆಯೂ ಇಲ್ಲ. ಕಾಸಿ ಬೆಸೆಯೋಣವೆಂದರೆ ಅಷ್ಟು ಹೊತ್ತಿನ ಶಾಖಕ್ಕೆ ಒಳಗಿನ ಎಳೆಗಳು ಕರಗಿ ಮುದ್ದೆಯಾಗುತ್ತವೆ. ಉಳಿದದ್ದು ಅಂಟು. ಆನೆ ದಾಟಿಹೋಗಿ ಬಾಲ ಸಿಕ್ಕಿಕೊಂಡಿತೆನ್ನುತ್ತಾರಲ್ಲ, ಹಾಗೆ. ಬೂದುಜ್ವರವನ್ನೇ ಗೆದ್ದ ಮುನ್ನೂರು ಜನ ಒಂದು ಕಾಳಿನಷ್ಟು ಸೀಳಿಗೆ ಸಿಕ್ಕಿ ನಿಂತಿದ್ದರು.

"ಅಂಟು ಹಚ್ಚಿದರಾಯಿತಲ್ಲ, ಅದೇನು ದೊಡ್ಡ ವಿದ್ಯೆ?" ಎನ್ನುವವರು ಒಮ್ಮೆ ತಮ್ಮ ಮನೆಯ ಒಡೆದ ಬಕೆಟ್ಟಿಗೆ ಅಂಟು ಹಚ್ಚಿ ನೋಡಲಿ. ಡಬ್ಬಿಯ ಮುಚ್ಚಳವೂ ಅದೇ ಜಾತಿಯದು, ಪಾಲಿಪ್ರೊಪಿಲೀನ್. ರಕ್ತಕ್ಕೆ ಒಗ್ಗುತ್ತದೆ, ಔಷಧಿಗೆ ಹೆದರುವುದಿಲ್ಲ, ಹಗುರ. ಆದರೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಗಾಜು, ಕಟ್ಟಿಗೆ, ಲೋಹ ಇವುಗಳ ಮೈಮೇಲೆ ಅಂಟು ಹರಡಿ ಹಿಡಿದುಕೊಳ್ಳಲು ಕಣ್ಣಿಗೆ ಕಾಣದ ಕೊಂಡಿಗಳಿರುತ್ತವೆ. ಇದರ ಮೈಮೇಲೆ ಅಂಥದೊಂದೂ ಇಲ್ಲ. ನೀರಿನ ಹನಿ ಇಟ್ಟರೆ ಎಣ್ಣೆ ಸವರಿದ ಹಂಚಿನ ಮೇಲೆ ನಿಂತಂತೆ ಗುಂಡಗೆ ನಿಲ್ಲುತ್ತದೆ. ನೀರೇ ಹರಡದ ಕಡೆ ಅಂಟು ಎಲ್ಲಿಂದ ಹರಡಬೇಕು?

ಪ್ರಯೋಗಕ್ಕೆ ಅದೇ ಪ್ಲಾಸ್ಟಿಕ್ಕು ಬೇಕಲ್ಲ. ತೀರಿಕೊಂಡವರ ಮನೆಗಳಿಗೆ ಕಾಳಿಕಾ ತಾನೇ ಹೋಗಿ ಕೇಳಿದಳು. ಒಬ್ಬರ ರಕ್ತ ಕಂಡ ಎಳೆಗಳು ಇನ್ನೊಬ್ಬರಿಗೆ ಆಗಿಬರುವುದಿಲ್ಲ. ಆದರೆ ಹೊರಗಿನ ಕವಚ ಕತ್ತರಿಸಿ ಪರೀಕ್ಷೆಗೆ ಬಳಸಬಹುದಿತ್ತು. ಬಾಗಿಲಲ್ಲೇ ಬಯ್ದು ಕಳಿಸುತ್ತಾರೆಂದು ಹೆದರಿದ್ದಳು. ಯಾರೂ ಬಯ್ಯಲಿಲ್ಲ. ಮುಳಗುಂದದ ಒಬ್ಬ ಮುದುಕ ಹೆಂಡತಿಯ ಡಬ್ಬಿಯನ್ನು ಅವಳದೇ ಖಣದಲ್ಲಿ ಸುತ್ತಿ ತಂದುಕೊಟ್ಟ.

"ಕತ್ತರಸ್ರಿ ತಂಗಿ. ನಮ್ಮ ಶಿವಗಂಗಾ ಜೀವಂತ ಇದ್ದಾಗೂ ಮಂದಿಗೆ ಹಂಚೇ ಉಣ್ಣಾಕಿ" ಎಂದ.

ಕಾಳಿಕಾ ಡಬ್ಬಿಯನ್ನು ಎರಡೂ ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡಳು. ಕವಚಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದ ಮೇಲೆ ಪ್ರತಿಯೊಂದರ ಮೂಲೆಯಲ್ಲೂ ಆಯಾ ಡಬ್ಬಿ ಯಾರದೋ ಅವರ ಹೆಸರು ಕೆತ್ತಿದಳು. ಶಿವಗಂಗಾ, ದಾದಾಪೀರ, ಕಲ್ಲವ್ವ. ಕೆಲವರು ಅವಳ ಗುರುತಿನವರು. ಇನ್ನು ಕೆಲವು ಡಬ್ಬಿ ಆಸ್ಪತ್ರೆಯಿಂದ ಬಂದವು, ಆ ಜನರ ಹೆಸರಷ್ಟೇ ಗೊತ್ತು.

ಆಮೇಲೆ ಹಿರೇಸೊಸೆಗೆ ವರ ನೋಡುವ ಕೆಲಸ ಶುರುವಾಯಿತು.

ಬೆರಳಿಗೆ ಬೆರಳು ಕಚ್ಚಿಸುವ ಆ ಚಿಕ್ಕ ಟ್ಯೂಬಿನ ದಿಢೀರ್ ಗೋಂದು ಮೊದಲು ಬಂದಿತು. ಅದರ ಕೆಳಗೆ ಬಳಿಯುವ ವಿಶೇಷ ದ್ರಾವಣವೊಂದಿದೆ, ಅದನ್ನು ಬಳಿದರೆ ಈ ಪ್ಲಾಸ್ಟಿಕ್ಕಿಗೂ ಹಿಡಿಯುತ್ತದೆ. ಹಿಡಿಯಿತು ಕೂಡ. ಆದರೆ ಅದರದು ಸಿಡುಕು ಸ್ವಭಾವ, ಒಣಗಿದರೆ ಗಾಜಿನಂತೆ ಬಿರುಸು. ಸೊಂಟದ ಮೇಲಿನ ಡಬ್ಬಿ ಹೆಜ್ಜೆಗೊಮ್ಮೆ ಬಾಗುತ್ತದೆ, ಇದು ಬಾಗುವುದಿಲ್ಲ, ಪಟ್ಟೆಂದು ಮುರಿಯುತ್ತದೆ. ಸಾಲದ್ದಕ್ಕೆ ಅದರ ಆವಿ ಎಳೆಗಳ ಸೂಕ್ಷ್ಮ ರಂಧ್ರಗಳನ್ನೇ ಮುಚ್ಚಿಬಿಡುತ್ತದೆ. ವರ ಬೇಡ. ಕಾಸಿ ಸುರಿಯುವ ಕಡ್ಡಿ ಅಂಟು ಪುಷ್ಯದ ಚಳಿಯಲ್ಲಿ ಗಂಡಾಳಿನಂತೆ ನಿಂತಿತು, ಗದಗಿನ ಏಪ್ರಿಲ್ ಬಿಸಿಲಿನಷ್ಟು ಶಾಖ ಕೊಟ್ಟು ನೋಡಿದರೆ ಬೆಲ್ಲದ ಪಾಕವಾಯಿತು. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಉಗುರು ತಾಗಿಸಿದರೆ ಸುಲಿದು ಬಂತು. ಈ ಪ್ಲಾಸ್ಟಿಕ್ಕಿಗೆಂದೇ ಹುಟ್ಟಿದ ಒಂದು ಅಕ್ರಿಲಿಕ್ ಅಂಟು ಇತ್ತು, ಕುಲಗೋತ್ರ ಎಲ್ಲ ಕೂಡಿಬರುವಂಥದು. ಅದು ಹಡಗಿನಲ್ಲಿ, ತಣ್ಣನೆಯ ಪೆಟ್ಟಿಗೆಯಲ್ಲಿ, ಮೂರು ತಿಂಗಳ ನಂತರ ಬರುತ್ತದಂತೆ. ಮೂರು ತಿಂಗಳು!

ಕೊನೆಗೆ ಉಳಿದದ್ದು ಎರಡು ಟ್ಯೂಬು ಕಲಸಿ ಹಚ್ಚುವ ಎಪಾಕ್ಸಿ. ಅದರಲ್ಲೂ ಒಣಗಿದ ಮೇಲೆ ಸ್ವಲ್ಪ ಬಾಗುವ ಜಾತಿಯದು. ಆವಿ ಬಿಡುವುದಿಲ್ಲ, ಬಿಸಿಲಿಗೆ ಬಗ್ಗುವುದಿಲ್ಲ, ಹುಬ್ಬಳ್ಳಿಯಲ್ಲೇ ಸಿಗುತ್ತದೆ. ಒಂದೇ ಕೊರತೆ. ಈ ಪ್ಲಾಸ್ಟಿಕ್ಕನ್ನು ಕಂಡರೆ ಅದಕ್ಕೆ ಆಗುವುದಿಲ್ಲ. ಒಣಗಿದ ಮೆಹಂದಿಯಂತೆ ಉದುರಿಬೀಳುತ್ತದೆ.

"ವರ ಚಲೋ ಐತಿ ಅಕ್ಕಾ, ಕನ್ಯಾನ ಒಪ್ಪವಲ್ದು" ಎಂದಳು ಜುಲೇಖಾ.

"ಹಂಗಾರ ಕನ್ಯಾದ ಮನಸ ತಿರುಗಸೂಣ" ಎಂದಳು ಕಾಳಿಕಾ.

ಮನಸ್ಸು ತಿರುಗಿಸುವ ದಾರಿ ಪುಸ್ತಕದಲ್ಲಿತ್ತು. ಪ್ಲಾಸ್ಟಿಕ್ಕಿನ ಮೈಮೇಲೆ ಒಂದೇ ಕ್ಷಣ ಉರಿ ಆಡಿಸಿದರೆ ಗಾಳಿಯ ಆಮ್ಲಜನಕ ಅದರ ಚರ್ಮಕ್ಕೆ ಹೋಗಿ ಕೂರುತ್ತದೆ, ಇಲ್ಲದ ಕೊಂಡಿಗಳು ಹುಟ್ಟುತ್ತವೆ. ಒಳಗಿನ ಎಳೆಗಳಿಗೆ ಶಾಖ ತಲುಪುವ ಮೊದಲೇ ಮುಗಿದುಹೋಗುವ ಕೆಲಸ. ಓದಲು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಮಾಡಲು ಹೋದರೆ ಪ್ರಯೋಗಾಲಯದ ಬರ್ನರಿನ ಉರಿ ಅಂಗೈ ಅಗಲದ್ದು, ಪಟ್ಟಿಗಳು ಹಪ್ಪಳದಂತೆ ಸೊಟ್ಟಗಾದವು. ಉರಿ ಸಣ್ಣದು ಮಾಡಿದರೆ ಮಸಿ ಹಿಡಿಯಿತು. ಒಂದು ವಾರ ಹೀಗೇ ಸುಟ್ಟುಹೋಯಿತು. ಮೋನವ್ವನ ಬಿರುಕು ಆಗ ಅವರೆಕಾಳಿನಷ್ಟಾಗಿತ್ತು.

ಮನೆಗೆ ಬಂದರೆ ಪಡಸಾಲೆಯಲ್ಲಿ ಈರಣ್ಣ ಮೂಗುತಿಗೆ ಬೆಸುಗೆ ಹಾಕುತ್ತ ಕುಳಿತಿದ್ದ. ತಲೆತಲಾಂತರದ ಅಕ್ಕಸಾಲಿಕೆ ಅವರದು. ದೀಪದ ಮುಂದೆ ಊದುಗೊಳವೆ ಹಿಡಿದು ಕೆನ್ನೆ ಉಬ್ಬಿಸಿ ಊದುತ್ತಿದ್ದ. ಹಳದಿ ಉರಿ ಬಾಗಿ ಸೂಜಿಯಂಥ ನೀಲಿ ನಾಲಗೆಯಾಗಿ, ಸಾಸಿವೆಯಷ್ಟು ಜಾಗವನ್ನು ಮುಟ್ಟಿ ಹಿಂದಕ್ಕೆ ಬರುತ್ತಿತ್ತು. ಪಕ್ಕದ ಹರಳಿಗೆ ಬಿಸಿಯೇ ತಾಗುತ್ತಿರಲಿಲ್ಲ. ಹದಿನೆಂಟು ವರ್ಷ ಅದನ್ನು ನೋಡಿದ್ದ ಕಾಳಿಕಾ ಅಂದು ಮೊದಲ ಸಲ ನೋಡುವವಳಂತೆ ನಿಂತುಬಿಟ್ಟಳು.

"ಏನ್ರೀ, ಆ ಉರಿ ಯಾಕ ನೀಲಿ?"

ಈರಣ್ಣ ಕೊಳವೆ ಕೆಳಗಿಟ್ಟ. ಮಾತು ಕಡಿಮೆಯ ಮನುಷ್ಯ ಅವನು, ಮನೆಯ ಮಾತೆಲ್ಲ ಅವನ ತಾಯಿಯ ಪಾಲಿಗೆ ಹೋಗಿತ್ತು. "ಹಳದಿ ಉರಿ ಮಸಿ ಹಚ್ಚತೈತಿ. ನೀಲಿ ಉರಿ ಕೆಲಸ ಮಾಡತೈತಿ" ಎಂದ.

"ನಾಳೆ ಅಂಗಡಿ ಮುಚ್ಚರಿ. ನನ್ನ ಸಂಗಾಟ ಬರ್ರಿ."

ಮರುದಿನ ಬಿಳಿ ಕೋಟು ಹಾಕಿಕೊಂಡು, ಮದುವಣಿಗನಷ್ಟೇ ಮುಜುಗರಪಡುತ್ತ ಈರಣ್ಣ ಮೇಜಿನ ಮುಂದೆ ಕುಳಿತ. ಪಟ್ಟಿಯ ಮೇಲೆ ನೀಲಿ ನಾಲಗೆಯನ್ನು ಹೀಗೆ ತಂದು ಹಾಗೆ ಒಯ್ದ. ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿಯಲಿಲ್ಲ. ಕಾಳಿಕಾ ಅದರ ಮೇಲೆ ನೀರಿನ ಹನಿ ಬಿಟ್ಟಳು. ಹನಿ ಗುಂಡಗೆ ನಿಲ್ಲಲಿಲ್ಲ. ಮೆಲ್ಲಗೆ ಮೈಚಾಚಿ ಪಟ್ಟಿಯ ತುಂಬ ಹರಡಿತು.

"ಅಕ್ಕಾ! ಕನ್ಯಾ ಒಪ್ಪಿತು!" ಎಂದು ಜುಲೇಖಾ ಕೂಗಿದಳು. ಕಾಳಿಕಾ ಗಂಡನ ಮುಖ ನೋಡಿದಳು, ಅವನು ಕೊಳವೆಯನ್ನು ಒರೆಸುತ್ತ ತಲೆ ತಗ್ಗಿಸಿ ನಗುತ್ತಿದ್ದ.

ಅಷ್ಟಕ್ಕೆ ಮುಗಿದಿದ್ದರೆ ಇದು ಕಥೆಯೇ ಆಗುತ್ತಿರಲಿಲ್ಲ.

ನಲವತ್ತು ಜೋಡಿ ಪಟ್ಟಿಗಳನ್ನು ಈರಣ್ಣ ಉರಿಗೆ ಹಿಡಿದ. ಒಂದೇ ಬಟ್ಟಲಲ್ಲಿ ಕಲಸಿದ ಎಪಾಕ್ಸಿಯಿಂದ ಇಪ್ಪತ್ತನ್ನು ಜುಲೇಖಾ ಅಂಟಿಸಿದಳು, ಇಪ್ಪತ್ತನ್ನು ಕಾಳಿಕಾ. ಇಬ್ಬರ ಕೈಗೂ ಹೊಸ ಕೈಗವಸು. ಒಂದು ದಿನ ಒಣಗಿಸಿ ಬಾಗಿಸುವ ಯಂತ್ರಕ್ಕೆ ಹಾಕಿದರು. ಹಳೆಯ ಹೊಲಿಗೆ ಮಷೀನಿನ ಮೋಟಾರಿಗೆ ಎರಡು ಚಿಮಟ ಕಟ್ಟಿ ಮಾಡಿದ ಯಂತ್ರ ಅದು. ಮೋನವ್ವನ ಇಡೀ ದಿನದ ಹೆಜ್ಜೆಗಳನ್ನು ಅರ್ಧ ತಾಸಿನಲ್ಲಿ ಬಾಗಿಸಿ ಮುಗಿಸುತ್ತಿತ್ತು. ಜುಲೇಖಾಳ ಇಪ್ಪತ್ತೂ ಗಟ್ಟಿ ನಿಂತವು. ಕಾಳಿಕಾಳ ಇಪ್ಪತ್ತರಲ್ಲಿ ಹನ್ನೊಂದು ಸುಲಿದು ಬಂದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮತ್ತೆ ಮಾಡಿದರು. ಟ್ಯೂಬು ಬದಲಿಸಿದರು, ಮೇಜು ಬದಲಿಸಿದರು. ಮತ್ತೆ ಅದೇ, ಜುಲೇಖಾಳದು ನಿಂತಿತು, ಕಾಳಿಕಾಳದು ಬಿತ್ತು.

"ಕಲಸೂದು ಸರಿಯಾಗಿಲ್ಲ" ಎಂದು ಕಾಳಿಕಾ ಸಿಡುಕಿದಳು.

"ಒಂದ ಬಟ್ಟಲದ್ದು ಅಲ್ಲೇನ್ರಿ ಅಕ್ಕಾ?" ಎಂದಳು ಜುಲೇಖಾ, ಮೆಲ್ಲಗೆ.

ಕಾಳಿಕಾ ಬಿದ್ದ ಪಟ್ಟಿಗಳನ್ನು ಸಾಲಾಗಿ ಇಟ್ಟು ಮೂಲೆಯ ಹೆಸರು ಓದಿದಳು. ಶಿವಗಂಗಾ. ಶಿವಗಂಗಾ. ಕಲ್ಲವ್ವ. ದಾದಾಪೀರ. ಬಿದ್ದವೆಲ್ಲ ಅವಳೇ ಮನೆಗೆ ಹೋಗಿ ಬೇಡಿ ತಂದವು. ಹೆಸರಷ್ಟೇ ಗೊತ್ತಿದ್ದವರ ಪಟ್ಟಿಗಳೆಲ್ಲ ನೆಟ್ಟಗೆ ನಿಂತಿದ್ದವು. ವಿಜ್ಞಾನ ಓದಿದವಳು ಅವಳು. ಆದರೂ ಒಂದು ಗಳಿಗೆ, ಕತ್ತರಿಸಿದ್ದು ಅವರಿಗೆ ಬೇಸರವಾಯಿತೇನೋ ಎನ್ನಿಸಿ ಕಣ್ಣಲ್ಲಿ ನೀರು ಬಂತು. ಮೂರು ವಾರದಲ್ಲಿ ಐದು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಮೋನವ್ವ ಅಂಗಳದ ಬಿಸಿಲಿಗೆ ಕುಳಿತಿದ್ದಳು. ಎರಡು ದಿನದಿಂದ ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಳು, ನಾಲ್ಕು ಮಾತಾಡಿದರೆ ಒಮ್ಮೆ ಸುಧಾರಿಸಿಕೊಳ್ಳಬೇಕಿತ್ತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮುಖಕ್ಕೆ ಎಣ್ಣೆ ತಿಕ್ಕಿಕೊಂಡು ಬಂದ ಕಾಳಿಕಾ ಬಟ್ಟೆಪಟ್ಟಿ ಬದಲಿಸಿದಳು. ಬದಲಿಸಿ, ಏಳು ವರ್ಷದಿಂದ ದಿನಾ ಮಾಡಿದಂತೆ, ಬಾಗಿ ಡಬ್ಬಿಯನ್ನು ಎರಡೂ ಕಣ್ಣಿಗೊತ್ತಿಕೊಂಡಳು.

"ಏಯ್ ಹುಚ್ಚಿ" ಎಂದಳು ಮೋನವ್ವ. "ನನ್ನ ಹಿರೇಸೊಸಿ ಮೈಯೆಲ್ಲಾ ಎಣ್ಣಿ ಮಾಡಿಬಿಟ್ಟಿ. ನೋಡಿಲ್ಲೆ, ನಿನ್ನ ಎರಡೂ ಹುಬ್ಬು ಹೆಂಗ ಮೂಡ್ಯಾವ. ದಿನಾ ಸೆರಗೀಲೆ ಒರಸಿ ಒರಸಿ ಸಾಕಾಗೈತಿ ನನಗ."

ಎಳೆಬಿಸಿಲು ಓರೆಯಾಗಿ ಬೀಳುತ್ತಿತ್ತು. ಮಾಸಿದ ಪ್ಲಾಸ್ಟಿಕ್ಕಿನ ಮೇಲೆ ಎರಡು ಹುಬ್ಬುಗಳು ನುಣ್ಣಗೆ ಹೊಳೆಯುತ್ತಿದ್ದವು.

ಕಾಳಿಕಾ ನೋಡಿದಳು. "ಅಯ್ಯಯ್ಯೋ ನನ್ನ ಹಣೇಬರಹವೇ!" ಎಂದು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

"ಏನಾತ ಈಕಿಗೆ?" ಎಂದು ಮೋನವ್ವ ಡಬ್ಬಿಯನ್ನೇ ಕೇಳಿದಳು.

ಗೋದಾಮಿನಲ್ಲಿ ಏದುಸಿರು ಬಿಡುತ್ತ ಕಾಳಿಕಾ ಉರಿ ಕಂಡ ಒಂದು ಪಟ್ಟಿ ತೆಗೆದಳು. ಜುಲೇಖಾ ಬೆರಗಾಗಿ ನೋಡುತ್ತಿದ್ದಂತೆ ಅದನ್ನು ಕಣ್ಣಿಗೊತ್ತಿಕೊಂಡು, ಮೇಜಿನ ಮೇಲಿಟ್ಟು, ನೀರು ಸುರಿದಳು. ನೀರು ಪಟ್ಟಿಯ ತುಂಬ ಹರಡಿತು, ಎರಡು ಜಾಗ ಬಿಟ್ಟು. ಅಲ್ಲಿ ಮಾತ್ರ ಹಿಂದಕ್ಕೆ ಸರಿದು ಒಣಗಿದ ಎರಡು ದ್ವೀಪ ಉಳಿಸಿತು. ಹುಬ್ಬಿನ ಆಕಾರದ ದ್ವೀಪಗಳು.

ಕೈಗೆ ಗವಸು ಹಾಕಿದ್ದಳು, ಮೇಜಿಗೆ ಸ್ಪಿರಿಟ್ ಹಾಕಿ ಒರೆಸಿದ್ದಳು. ಮುಖಕ್ಕೆ? ಶಿವಗಂಗಾ, ಕಲ್ಲವ್ವ, ದಾದಾಪೀರ ಎಂಬ ಹೆಸರು ಕಂಡ ಕೂಡಲೇ, ಗೊತ್ತಿಲ್ಲದಂತೆ, ಪ್ರತಿ ಸಲವೂ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡೇ ಅಂಟು ಹಚ್ಚಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಉರಿ ಕೊಟ್ಟ ಹೊಸ ಕೊಂಡಿಗಳನ್ನೆಲ್ಲ ಅವಳ ಕೃತಜ್ಞತೆಯ ಕೊಬ್ಬರಿ ಎಣ್ಣೆಯೇ ಹೋಗಿ ಮುಚ್ಚಿತ್ತು.

"ನೀ ಹೆಂಗ ಶುರು ಮಾಡ್ತಿ ಕೆಲಸಾ?" ಎಂದು ಕೇಳಿದಳು.

"ಬಾಯಾಗ ಬಿಸ್ಮಿಲ್ಲಾ ಅಂತೀನ್ರಿ ಅಕ್ಕಾ, ಅಷ್ಟ."

"ಅದಕ್ಕ ನಿನ್ನವು ನಿಂತಾವ" ಎಂದು ಕಾಳಿಕಾ ಅವಳನ್ನು ತಬ್ಬಿಕೊಂಡು ನಕ್ಕಳು, ನಗುತ್ತ ಅತ್ತಳು. ನಿನ್ನೆ ಸಿಡುಕಿದ್ದಕ್ಕೆ ತಪ್ಪಾಯಿತೆಂದಳು. ತೀರಿಕೊಂಡವರಿಗೆ ಬೇಸರವಾಗಿರಲಿಲ್ಲ. ಅದು ಅವಳಿಗೆ ಎಷ್ಟು ಹಗುರೆನಿಸಿತೆಂದರೆ, ಪಟ್ಟಿ ಪಟ್ಟಿಗೂ ಮನಸ್ಸಿನಲ್ಲೇ ಕೈಮುಗಿದಳು. ಅಂದೇ ಇಪ್ಪತ್ತು ಜೋಡಿ ಹೊಸದಾಗಿ ಅಂಟಿಸಿದಳು. ಮರುದಿನ ಒಂದೂ ಬಿಡಲಿಲ್ಲ. ಜುಲೇಖಾ ಗೋಡೆಯ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಳು: "ಅಂಟು ಒಣಗುವವರೆಗೆ ಯಾರೂ ಕಣ್ಣಿಗೊತ್ತಿಕೊಳ್ಳಬಾರದು. ಒಣಗಿದ ಮೇಲೆ ಎಷ್ಟು ಸಲ ಬೇಕಾದರೂ."

ಮೊದಲು ಯಾರ ಡಬ್ಬಿ ಎಂಬ ಪ್ರಶ್ನೆ ಬಂತು. ಡಬ್ಬಿ ಬಿಚ್ಚಿದಾಗ ರೋಗಿಯನ್ನು ಆಸ್ಪತ್ರೆಯ ದೊಡ್ಡ ಯಂತ್ರಕ್ಕೆ ಹಾಕಬೇಕು. ಅದು ಇದ್ದದ್ದು ಒಂದೇ. ನಾಲ್ಕು ದಿನಕ್ಕಿಂತ ಹೆಚ್ಚು ಅದರ ಮೇಲಿದ್ದರೆ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಅಂಟು ನಿಲ್ಲದಿದ್ದರೆ ಹಿಂದಿರುಗಲು ಡಬ್ಬಿಯೇ ಇರುವುದಿಲ್ಲ. ಪಟ್ಟಿಯ ಮೇಲೆ ನಿಂತದ್ದು ಜೀವದ ಮೇಲೂ ನಿಂತೀತೆಂದು ಕಾಳಿಕಾ ಯಾರಿಗೂ ಬರೆದುಕೊಡುವಂತಿರಲಿಲ್ಲ.

"ನಂದ ಮೊದಲ" ಎಂದಳು ಮೋನವ್ವ.

"ಅತ್ತೀ, ಇನ್ನೊಂದ ಸಲ ಪರೀಕ್ಷಾ ಮಾಡಿ..."

"ಮಂದಿ ಮ್ಯಾಲೆ ಪರೀಕ್ಷಾ ಮಾಡ್ತೀ ಏನು? ಹೊಸಾ ಕೊಡದಾನ ನೀರು ಮೊದಲ ಮನಿಯವ್ರ ಕುಡೀಬೇಕು." ಸುಧಾರಿಸಿಕೊಂಡಳು. "ನಿನ್ನ ಪರೀಕ್ಷಾ ಎಲ್ಲಾ ನಾ ಪಾಸ್ ಮಾಡಿಸೀನಿ. ಇದೊಂದ ಹೆಂಗ ಫೇಲ್ ಆಗತೈತಿ?"

ಆರು ವರ್ಷದ ರೊಟ್ಟಿಯ ಮಾತನ್ನು ಅವಳು ಆಡಿದ್ದು ಅದೊಂದೇ ಸಲ.

ಆಸ್ಪತ್ರೆಯ ಒಂದು ಕೋಣೆಯಲ್ಲಿ ಮೋನವ್ವ ದೊಡ್ಡ ಯಂತ್ರಕ್ಕೆ ಸೇರಿ ಮಲಗಿದಳು. ಮಗ್ಗುಲ ಕೋಣೆಯಲ್ಲಿ, ರಕ್ತದ ಬಾಯಿಗಳನ್ನು ಮುಚ್ಚಿದ ಡಬ್ಬಿ ಮೇಜಿನ ಮೇಲೆ ಕೂತಿತು. ಬಿರುಕು ಅಂಚಿಗೆ ಒಂದು ಅಕ್ಕಿಕಾಳಿನಷ್ಟು ದೂರವಿತ್ತು. ಕಾಳಿಕಾ ಅಂದು ಎಣ್ಣೆ ಮುಟ್ಟಿರಲಿಲ್ಲ, ಸೀಗೆಪುಡಿ ಹಾಕಿ ಮುಖ ತೊಳೆದು ಚರ್ಮ ಬಿರಿಬಿರಿ ಎನ್ನುತ್ತಿತ್ತು. ಹಳೆಯ ಗ್ರೀಸು, ಏಳು ವರ್ಷದ ಹುಬ್ಬುಗಳ ಗುರುತು, ಎಲ್ಲವನ್ನೂ ಸ್ಪಿರಿಟ್ ಹಾಕಿ ಮೂರು ಸಲ ತೊಳೆದಳು. ಈರಣ್ಣ ಕೊಳವೆ ಎತ್ತಿಕೊಂಡ. ಪರರ ಮೂಗುತಿಗೆ ಅಲುಗದ ಕೈ ತಾಯಿಯ ಉಸಿರಿಗೆ ನಡುಗುತ್ತಿತ್ತು.

ಗೋಡೆಯಾಚೆಯಿಂದ ಮೋನವ್ವನ ಧ್ವನಿ ಬಂತು. ದೊಡ್ಡ ಯಂತ್ರ ಅವಳಿಗೆ ಉಸಿರು ಕೊಟ್ಟಿತ್ತು, ಮಾತು ತಾನಾಗಿ ಬಂದಿತ್ತು. "ಈರಾ, ಕಿವೀ ಮುರುವು ಕೆಡಿಸಿ ನಿಮ್ಮಪ್ಪನ ಕಡೆ ಹೊಡಿಸಿಗೊಂಡಿದ್ದಿ, ನೆನಪೈತಿಲ್ಲೋ? ಸಾವಕಾಶ ಊದು."

ಈರಣ್ಣ ನಕ್ಕ. ಕೈ ನಿಂತಿತು. ನೀಲಿ ನಾಲಗೆ ಬಿರುಕಿನ ಮೇಲೆ ಒಮ್ಮೆ ಹೋಗಿ ಬಂತು. ಮುಗಿಯಿತು ಎಂದು ಕೊಳವೆ ಕೆಳಗಿಟ್ಟವನು, ಅಕ್ಕಸಾಲಿಗರ ಪದ್ಧತಿಯಂತೆ, ಕೈಯಲ್ಲಿದ್ದ ಡಬ್ಬಿಯನ್ನು ಹಾಗೇ ಕಣ್ಣಿನ ಕಡೆಗೆ ಎತ್ತಿದ.

"ಅಣ್ಣಾರ!" ಎಂದು ಜುಲೇಖಾ ಚೀರಿದಳು. ಕಾಳಿಕಾ ಅವನ ಎರಡೂ ಮುಂಗೈ ಹಿಡಿದುಕೊಂಡಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡುತ್ತ ಒಂದು ಗಳಿಗೆ ಹಾಗೇ ನಿಂತರು. ಅವನ ಹಣೆಗೂ ಡಬ್ಬಿಗೂ ನಡುವೆ ನಾಲ್ಕು ಬೆರಳು ಉಳಿದಿತ್ತು.

ಕಾಳಿಕಾ ಅಂಟು ಹಚ್ಚಿದಳು. ಬಿರುಕಿನ ತುಂಬ ಅದು ಮೆಲ್ಲಗೆ, ಒಪ್ಪಿಕೊಂಡಂತೆ, ಹರಡಿತು. ಮೇಲೊಂದು ತೆಳು ಪಟ್ಟಿ ಕೂರಿಸಿದಳು. ಆ ಪಟ್ಟಿಯ ಮೂಲೆಯಲ್ಲಿ ಶಿವಗಂಗಾ ಎಂದಿತ್ತು.

ಒಂದು ದಿನ ಕಾದರು. ಕಾಳಿಕಾ ಮೋನವ್ವನ ಹಾಸಿಗೆಯ ಬಳಿ ಕುಳಿತು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು. ಮೋನವ್ವ ಇಡೀ ವಾರ್ಡಿನವರ ಮನೆ, ಮಕ್ಕಳು, ಬೀಗರು ಎಲ್ಲರನ್ನೂ ವಿಚಾರಿಸಿ ಮುಗಿಸಿದಳು.

ಮರುದಿನ ಮಧ್ಯಾಹ್ನ ಡಾಕ್ಟರ್ ನರೇಗಲ್ ಡಬ್ಬಿಗೆ ಗಾಳಿ ತುಂಬಿ, ದಿನನಿತ್ಯದ ಎರಡರಷ್ಟು ಒತ್ತಡ ಕೊಟ್ಟು, ನೀರಿನ ಬೋಗುಣಿಯಲ್ಲಿ ಮುಳುಗಿಸಿದರು. ಸೈಕಲ್ ಟ್ಯೂಬು ಪರೀಕ್ಷಿಸುವವರ ಹಾಗೆ ಕಾಳಿಕಾ, ಈರಣ್ಣ, ಜುಲೇಖಾ ಮೂವರೂ ಬೋಗುಣಿಯ ಮೇಲೆ ಬಾಗಿದರು. ಒಂದು ನಿಮಿಷ. ಐದು ನಿಮಿಷ. ಒಂದು ಗುಳ್ಳೆಯೂ ಏಳಲಿಲ್ಲ. ಬಾಗಿಸಿದರು, ತಿರುಚಿದರು, ಮತ್ತೆ ಮುಳುಗಿಸಿದರು. ನೀರು ಅಲುಗದೆ ಇತ್ತು.

"ಕಾಳಿಕಾ, ಮುಂದಿನವರನ್ನ ಕರೀರಿ" ಎಂದರು ಡಾಕ್ಟರ್.

ಡಬ್ಬಿಯನ್ನು ಮತ್ತೆ ಮೋನವ್ವನ ಸೊಂಟಕ್ಕೆ ಕಟ್ಟಿ ಕೊಳವೆಗಳನ್ನು ಸೇರಿಸಿದರು. ಫ್ಯಾನು ಗುಂಯ್ ಎಂದಿತು. ಸಿಳ್ಳೆಯಿಲ್ಲ. ನೋಡುತ್ತಿದ್ದಂತೆ ಕೊಳವೆಯಲ್ಲಿ ಕಪ್ಪು ಇಳಿದು ಕೆಂಪು ಏರಿತು, ತುಟಿಯ ನೇರಳೆ ಬಣ್ಣ ಕರಗಿತು. ಮೋನವ್ವ ಎದ್ದು ಕುಳಿತು ಸೆರಗು ಸರಿಮಾಡಿಕೊಂಡಳು. ಬಾಗಿಲ ಬಳಿ ಮುದುರಿ ನಿಂತಿದ್ದ ಸೊಸೆಯನ್ನು ನೋಡಿದಳು.

"ಏನಲ್ಲೆ ನಿಂತಿ? ಒಣಗೈತಲ್ಲ ಈಗ?"

"ಒಣಗೈತಿ ಅತ್ತಿ."

"ಮತ್ತ ಬಾ. ಒತ್ತಿಗೋ."

ಕಾಳಿಕಾ ಬಂದು ನೆಲದ ಮೇಲೆ ಮೊಣಕಾಲೂರಿದಳು. ಎರಡು ದಿನ ತಡೆದುಕೊಂಡದ್ದೆಲ್ಲ ಒಮ್ಮೆಲೇ ಬಂತು. ಡಬ್ಬಿಗೆ ಎರಡೂ ಕಣ್ಣು ಒತ್ತಿದಳು, ಒತ್ತಿಕೊಂಡೇ ಉಳಿದಳು. ಒಳಗೆ ಗಾಳಿ ಹೋಗಿ ಬರುವುದು ಕೇಳುತ್ತಿತ್ತು. ತಲೆಯ ಮೇಲೆ ರೊಟ್ಟಿ ಬಡಿದು ಬಡಿದು ಗಡುಸಾದ ಅಂಗೈ ಬಂದು ಕೂತಿತು. ಶಿವಗಂಗಾಳಿಗೂ, ಅವಳ ಖಣದಲ್ಲಿ ಸುತ್ತಿಕೊಟ್ಟ ಮುದುಕನಿಗೂ, ಆರು ವರ್ಷದ ಆ ಒಲೆಗೂ ಸೇರಿಸಿ ಒಂದೇ ಸಲಕ್ಕೆ ನಮಸ್ಕಾರ ಹೇಳುವವಳಂತೆ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ತಲೆ ಎತ್ತಿದಾಗ ಡಬ್ಬಿಯ ಮೇಲೆ ಎರಡು ಹುಬ್ಬು ಒದ್ದೆಯಾಗಿ ಮೂಡಿದ್ದವು. ಒರೆಸಲು ಸೆರಗು ಹಿಡಿದಳು. ಮೋನವ್ವ ಅವಳ ಕೈ ಸರಿಸಿದಳು.

"ಇರ್ಲಿ ಬಿಡು. ಇನ್ನ ಅಂಟು ಬಿಟ್ಟಗೊಳ್ಳಂಗಿಲ್ಲ."